ಹಳದಿ ಚೀಟಿಯಲ್ಲಿ ಐದು ಗೆರೆ

ಅಕ್ಕೋರೇ,
ನೀವು ಕೊಟ್ಟ ಚೀಟಿಯಲ್ಲಿ ಐದೇ ಗೆರೆ.
ಈ ವರ್ಷ ಮೆಚ್ಚಿದ ಕಾದಂಬರಿಗಳ ಹೆಸರು ಬರೆದುಕೊಡಿ,
ಲೈಬ್ರರಿಯ ಬೋರ್ಡಿಗೆ ಹಚ್ಚುತ್ತೇನೆ ಅಂದಿರಿ.
ಹೆಸರೇ ನೆನಪಿಲ್ಲ ನನಗೆ.
ಬೈತಖೋಲದ ಐಸ್ ಪ್ಲಾಂಟಿನಲ್ಲಿ ರಾತ್ರಿಪಾಳಿ;
ಪುಸ್ತಕಕ್ಕೆ ಮೊದಲು ಪ್ಲಾಸ್ಟಿಕ್ಕು, ಮೇಲೊಂದು ಪೇಪರು ಹೊದಿಸದಿದ್ದರೆ
ಬೆಳಗಿನೊಳಗೆ ಪುಟಗಳೆಲ್ಲ ತಂಡಿ ಹಿಡಿದ ಹಪ್ಪಳ.
ಹೊದಿಕೆಯೊಳಗೆ ಹೋದ ಹೆಸರು
ವಾಪಸು ಕೊಡುವ ದಿನವೇ ಮತ್ತೆ ಕಾಣುವುದು.

ಹಾಗಾಗಿ ನೆನಪಿದ್ದಂತೆ ಬರೆಯುತ್ತೇನೆ, ನೀವೇ ಹುಡುಕಿಕೊಳ್ಳಿ.

ಜನವರಿಯದು ತಕ್ಕಡಿ ರಿಪೇರಿಯವನ ಕತೆ.
ಸಂತೆಸಂತೆ ತಿರುಗಿ ಮುಳ್ಳು ನೇರ ಮಾಡುವವನು
ತನ್ನ ಮನೆಯ ತಕ್ಕಡಿ ಮಾತ್ರ ಮುಟ್ಟುವುದಿಲ್ಲ.
ಯಾಕೆಂದು ಇನ್ನೂರು ಪುಟ ಬಾಯಿಬಿಡಲಿಲ್ಲ.
ಇನ್ನೂರಾ ಒಂದರಲ್ಲಿ ಅವನ ಹೆಂಡತಿ
ನೆರೆಯವಳಿಗೆ ಕಡ ಕೊಡಲು ಅಕ್ಕಿ ತೂಗಿದಳು.
ಅಷ್ಟೇ.
ನಾನು ಎದ್ದು ಹೊರಗೆ ಹೋಗಿ
ದಕ್ಕೆಯ ಮೇಲೆ ಒಂದು ಬೀಡಿ ಮುಗಿಯುವ ತನಕ ನಿಂತೆ.
ಅವತ್ತು ಒಂಬತ್ತು ಪರ್ಸೀನ್ ಬೋಟಿನ ತುಂಬ ಬಂಗಡೆ,
ವಾಮನ ತಾಂಡೇಲ ಕೂಗುತ್ತಿದ್ದ, ಕ್ರಷರ್ ಹಾಕೋ ಮಾರಾಯ!
ಹಾಕಿದೆ. ಮಂಜು ಪುಡಿಯಾಗಿ ಸುರಿಯುವಾಗೆಲ್ಲ
ಅವಳು ತೂಗುತ್ತಲೇ ಇದ್ದಳು.

ಎರಡನೆಯದನ್ನು ನನಗಿಂತ ಮೊದಲು ಯಾರೋ
ಪೆನ್ಸಿಲ್ ಹಿಡಿದು ಓದಿದ್ದರು.
ತೊಂಬತ್ತನಾಲ್ಕನೆಯ ಪುಟದ ಅಂಚಿಗೆ ಸಣ್ಣಕ್ಷರ:
'ಇಲ್ಲಿ ಅಳಬೇಡಿ, ಮುಂದೆ ಇದೆ.'
ಮಾತು ಕೇಳುವ ಮನುಷ್ಯ ನಾನು. ತಡೆದುಕೊಂಡೆ.
ಅಜ್ಜಿ ಸತ್ತಳು, ಇದಲ್ಲ ಅಂದೆ.
ದೋಣಿಗೆ ಬೆಂಕಿ ಬಿತ್ತು, ಇದೂ ಅಲ್ಲ ಅಂದೆ.
ಹೀಗೆ ಕಾಯುತ್ತ ಕಾಯುತ್ತ ಪುಸ್ತಕವೇ ಮುಗಿಯಿತು.
ಒಂಬತ್ತು ದಿನದ ಮೇಲೆ, ಕೋಲ್ಡ್ ರೂಮಿನಲ್ಲಿ,
ಐಸಿನ ಗಡ್ಡೆಗೆ ಕೊಕ್ಕೆ ಹಾಕಿ ಎಳೆಯುತ್ತಿದ್ದಾಗ
ಬಂತು. ತೊಂಬತ್ತನಾಲ್ಕಕ್ಕೇ.

ಮೂರನೆಯದು ಬಂದಿಯ ಕಾಲದ್ದು.
ಜೂನ್ ಜುಲೈ, ಬೋಟೆಲ್ಲ ದಡಕ್ಕೆ, ನಮಗೆ ಅರ್ಧ ಪಗಾರ.
ಅಕ್ಕತಂಗಿಯರ ದಪ್ಪ ಕತೆ; ಕೊನೆಯ ಪುಟಗಳು ಒರಲೆಯ ಪಾಲು.
ತಂಗಿ ನಸುಕಿನಲ್ಲಿ ಪೆಟ್ಟಿಗೆ ಸಮೇತ ದೋಣಿ ಹತ್ತುತ್ತಾಳೆ,
'ಅವಳು ಹಗ್ಗ' ಎಂಬಲ್ಲಿಗೆ ಪುಸ್ತಕ ನಿಲ್ಲುತ್ತದೆ.
ಗಟ್ಟಿಯಾಗಿ ಓದಿ ಹೇಳಿದ್ದು ನನ್ನದೇ ತಪ್ಪು.
ಬಿಚ್ಚಿದಳು ಅಂದ ಮೆಕ್ಯಾನಿಕ್ ಇನಾಸ.
ಕಟ್ಟಿದಳು ಅಂದಳು ಬಲೆ ಹೆಣೆಯುವ ನೇತ್ರಾವತಿ,
ಎರಡು ಮಕ್ಕಳ ತಾಯಿ ಎಲ್ಲಿ ಬಿಚ್ಚುತ್ತಾಳೆ?
ಅದಕ್ಕೇ ಬಿಚ್ಚುತ್ತಾಳೆ ಅಂದ ಇನಾಸ.
ಇಬ್ಬರಿಗೂ ಎರಡು ದಿನ ಮಾತಿಲ್ಲ, ಚಹಾ ಬೇರೆ ಬೇರೆ.
ಅಂಕೋಲೆಯಲ್ಲಿ ಇನ್ನೊಂದು ಪ್ರತಿ ಇದೆ, ತರಿಸಲೇ ಅಂದಿರಿ.
ಬೇಡ ಅಕ್ಕೋರೇ.
ಹಗ್ಗ ಅವಳ ಕೈಯಲ್ಲೇ ಇರಲಿ.

ಕಡಲಿನ ಮೇಲೆ ಬರೆದ ಆರುನೂರು ಪುಟದ್ದು, ನಿಮಗೆ ಬಲು ಇಷ್ಟವಾದದ್ದು,
ಕ್ಷಮಿಸಿ, ಅದರಲ್ಲಿ ಮೀನಿಗೆ ವಾಸನೆಯಿಲ್ಲ.
ಡೀಸೆಲ್ಲಿನ ದರ ಒಬ್ಬನೂ ಕೇಳುವುದಿಲ್ಲ,
ಎಲ್ಲರೂ ದಿಗಂತ ನೋಡುತ್ತಾರೆ.
ಆದರೂ ಒಂದು ಕಡೆ ದೋಣಿಯ ಅಡಿಗೆಯವ,
ನೀರುಪಾಲಾದವನ ತಾಟನ್ನೂ ರೂಢಿಯಲ್ಲಿ ತೊಳೆದು
ಉಳಿದವರ ತಾಟಿನ ಜೊತೆ ಕವುಚಿ ಇಡುತ್ತಾನೆ.
ಆ ತಾಟಿಗಾಗಿ ನಾಲ್ಕನೆಯ ಗೆರೆಯಲ್ಲಿ ಅರ್ಧ ಕೊಟ್ಟಿದ್ದೇನೆ.

ಐದನೆಯದು ಖಾಲಿ.
ಡಿಸೆಂಬರಿನ ಹನ್ನೊಂದು ರಾತ್ರಿ ಬಾಕಿ ಇವೆ,
ನಿನ್ನೆ ನೀವು ಕೊಟ್ಟದ್ದಕ್ಕೆ ಇನ್ನೂ ಹೊದಿಕೆ ಹಾಕಿಲ್ಲ.
ಹಾಕುವ ಮೊದಲು ಈ ಸಲ ಹೆಸರು ನೋಡಿಕೊಳ್ಳುತ್ತೇನೆ.

ಇನ್ನೊಂದು ಮಾತು, ಬೋರ್ಡಿಗಲ್ಲ, ನಿಮಗೆ.
ತಕ್ಕಡಿಯ ಪುಸ್ತಕ ಮೊನ್ನೆ ಮತ್ತೊಮ್ಮೆ ಒಯ್ದು ತಂದಿಟ್ಟಿದ್ದೇನೆ.
ಇನ್ನೂರಾ ಒಂದರ ಅಂಚಿನಲ್ಲಿ,
ಬೆರಳು ಸೆಡೆತು ಅಕ್ಷರ ಸ್ವಲ್ಪ ಸೊಟ್ಟ,
'ಬೇಕಾದರೆ ಹೊರಗೆ ಹೋಗಿ ಬನ್ನಿ' ಎಂದಿದೆ.
ದಂಡ ಎಷ್ಟೆಂದು ಹೇಳಿ, ಕೊಡುತ್ತೇನೆ.
ಅಳಿಸಬೇಡಿ.